ಓರಗಿತ್ತಿ ಬಚ್ಚಿಟ್ಟ ಕತೆಯ ಕೊನೆ

೧೯೭೪ನೇ ಇಸವಿ. ಮದುವೆಯಾಗಿ ರಾಜಾಜಿನಗರದ ಮನೆಗೆ ಬಂದು ನನಗೆ ಒಂದು ವರ್ಷವಾಗಿತ್ತು. ಆಗೆಲ್ಲ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಮ್ಮ ಯಜಮಾನರ ಹೆಸರನ್ನು ಬೇಕಾದರೆ ಹೇಳಿಬಿಡುತ್ತೇನೆ, ಮಹದೇವಯ್ಯ ಅಂತ. ಆದರೆ ಈಗ ಹೇಳಹೊರಟಿರುವ ಲೇಖಕರ ಹೆಸರನ್ನು ಮಾತ್ರ ಹೇಳಲಾರೆ. ಅದು ಅವರ ಕಾವ್ಯನಾಮ, ಚಿಕ್ಕ ಹೆಸರು, ಕೂಗಿ ಕರೆಯಲು ಚೆನ್ನಾಗಿರುವಂಥದ್ದು. ಯಾಕೆ ಹೇಳುವುದಿಲ್ಲ ಎನ್ನುವುದು ಇದನ್ನು ಓದಿ ಮುಗಿಸುವ ಹೊತ್ತಿಗೆ ನಿಮಗೇ ಗೊತ್ತಾಗುತ್ತದೆ.

ಮನೆಯಲ್ಲಿ ಅತ್ತೆ, ಭಾವ, ಭಾವನ ಹೆಂಡತಿ ನಾಗರತ್ನ, ಮತ್ತೆ ನಾವಿಬ್ಬರು. ಮಾವ ನಾನು ಬರುವ ಮೊದಲೇ ತೀರಿಹೋಗಿದ್ದರು. ನಾಗರತ್ನ ನನಗಿಂತ ಆರೇಳು ವರ್ಷ ದೊಡ್ಡವಳು. ಎದುರಿಗೆ ರತ್ನಕ್ಕ, ನೀವು, ತಾವು ಎಲ್ಲ ಆಗುತ್ತಿತ್ತು. ಮನಸ್ಸಿನಲ್ಲಿ ಮಾತ್ರ ಯಾವಾಗಲೂ 'ಅವಳು'. ಇಲ್ಲಿ ಬರೆಯುವಾಗಲೂ ಹಾಗೇ ಬರುತ್ತಿದೆ, ಕ್ಷಮಿಸಿ.

ಅವಳು ಹೆಗ್ಗನಹಳ್ಳಿಯ ಬೇಸಾಯದವರ ಮನೆಯ ಹುಡುಗಿ, ಓದಿದ್ದು ಎಂಟನೇ ಕ್ಲಾಸು. ನಾನು ಕೆಂಗೇರಿಯವಳು. ಪಿಯುಸಿಯಲ್ಲಿ ಸೈನ್ಸ್ ಮಾಡಿ ಬಿಎಸ್ಸಿಗೆ ಸೇರಿದ್ದವಳನ್ನು ಒಂದೇ ವರ್ಷಕ್ಕೆ ಬಿಡಿಸಿ ಮದುವೆ ಮಾಡಿದ್ದರು. ಓದೊಂದನ್ನು ಬಿಟ್ಟರೆ ಬೇರೆ ಯಾವುದರಲ್ಲೂ ನಾನು ಅವಳ ಮುಂದೆ ನಿಲ್ಲುವ ಹಾಗಿರಲಿಲ್ಲ. ಅವಳು ಬಾಗಿಲಿಗೆ ರಂಗೋಲಿ ಹಾಕಿದರೆ ದಾರಿಹೋಕರು ನಿಂತು ನೋಡುವರು. ಅವಳ ಹುಳಿ, ಅವಳ ಕಾಫಿ, ಮೊಣಕಾಲು ಮುಟ್ಟುವ ಅವಳ ಜಡೆ. ನಾನು ಏನು ಮಾಡಿಟ್ಟರೂ ಅತ್ತೆ ಒಂದು ತುತ್ತು ಬಾಯಿಗಿಟ್ಟುಕೊಂಡು, ಚೆನ್ನಾಗಿದೆ, ಆದರೆ ನಮ್ಮ ರತ್ನ ಮಾಡಿದ ಹಾಗಿಲ್ಲ ಎನ್ನುತ್ತಿದ್ದರು. ಈ 'ನಮ್ಮ ರತ್ನ' ಕೇಳಿದಾಗಲೆಲ್ಲ ನಾನು ಪಾತ್ರೆಗಳನ್ನು ದಡಬಡ ಎತ್ತಿಡುತ್ತಿದ್ದೆ.

ಮನೆಗೆ ಬರುತ್ತಿದ್ದದ್ದು ಒಂದೇ ಒಂದು ವಾರಪತ್ರಿಕೆ. ಅದರ ಮೇಲೂ ಅವಳದ್ದೇ ಹಕ್ಕು. ಆ ಕಾಲದ ಮನೆಗಳಲ್ಲಿ ಧಾರಾವಾಹಿಗಳನ್ನು ವಾರ ವಾರ ಕತ್ತರಿಸಿಟ್ಟು, ಮುಗಿದ ಮೇಲೆ ದಬ್ಬಣದಿಂದ ತೂತು ಮಾಡಿ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕಿ ಬೈಂಡ್ ಮಾಡುವ ಅಭ್ಯಾಸವಿತ್ತು. ಎಲ್ಲರೂ ಮಾಡುತ್ತಿದ್ದರು. ರತ್ನಕ್ಕನದು ಮಾತ್ರ ಅದರಲ್ಲೂ ಅತಿ ಅಚ್ಚುಕಟ್ಟು. ಕತ್ತರಿಸಿದ ಹಾಳೆಯ ಹಿಂಬದಿಯಲ್ಲಿ ಬೇರೆ ಏನಾದರೂ ಅಚ್ಚಾಗಿದ್ದರೆ ಅವಳಿಗೆ ಸರಿಬರುತ್ತಿರಲಿಲ್ಲ. ಮೈದಾ ಹಿಟ್ಟಿನ ಅಂಟು ಕಾಯಿಸಿ, ಅದರ ಮೇಲೆ ಬಿಳಿ ಕಾಗದ ಅಂಟಿಸಿ, ಅದು ಕಾಣದ ಹಾಗೆ ಮಾಡಿಬಿಡುತ್ತಿದ್ದಳು. ಅವಳ ಟ್ರಂಕಿನಲ್ಲಿ ಅಂಥ ಐದಾರು ಬೈಂಡುಗಳಿದ್ದವು. ಎಲ್ಲವೂ ಅತ್ತೆ ಸೊಸೆ, ಮಲತಾಯಿ, ಕಳೆದುಹೋದ ಮಗು, ಇಂಥವು. ಅವಳು ಕತ್ತರಿಸಿಕೊಂಡು ಉಳಿದದ್ದು ಅಡುಗೆಮನೆಯ ಗೂಡುಗಳಿಗೆ ಹಾಸಲು ಹೋಗುತ್ತಿತ್ತು.

ಆ ಲೇಖಕರು ನನಗೆ ಸಿಕ್ಕಿದ್ದು ಆ ಗೂಡಿನಲ್ಲಿ.

ಗೌರಿ ಹಬ್ಬಕ್ಕೆ ಮುಂಚೆ ಡಬ್ಬಗಳನ್ನೆಲ್ಲ ತೊಳೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ತೊಗರಿಬೇಳೆಯ ಡಬ್ಬ ಎತ್ತಿದೆ. ಕೆಳಗೆ ಹಾಸಿದ ಹಾಳೆಯಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ಆಕಾಶನೌಕೆಯೊಂದರಲ್ಲಿ ಕೂತಿರುವ ಹೆಂಗಸು ಒಗ್ಗರಣೆಯ ಸದ್ದು ಕೇಳಿಸಿಕೊಳ್ಳುತ್ತಿದ್ದಾಳೆ. ಇದೇನಪ್ಪ ಅಂದುಕೊಂಡು ಉದ್ದಿನಬೇಳೆ ಡಬ್ಬವನ್ನೂ ಸರಿಸಿದೆ. ಆಮೇಲೆ ಕಡಲೆಹಿಟ್ಟು, ಅವಲಕ್ಕಿ. ಕತ್ತು ಸೊಟ್ಟ ಮಾಡಿಕೊಂಡು, ಡಬ್ಬ ಸರಿಸಿ ಸರಿಸಿ ಓದಿದೆ.

ಕತೆ ಇಷ್ಟು. ಒಬ್ಬಾಕೆ ಭೂಮಿಯಿಂದ ಬಹಳ ದೂರದ ನಕ್ಷತ್ರವೊಂದಕ್ಕೆ ಹೊರಟಿದ್ದಾಳೆ, ಮತ್ತೆ ವಾಪಸು ಬರುವಂತಿಲ್ಲ. ಹೋಗುವಾಗ ಮನೆಯ ಸದ್ದುಗಳನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿಕೊಂಡಿದ್ದಾಳೆ. ಒಗ್ಗರಣೆಯ ಚುರ್ರೆನ್ನುವ ಸದ್ದು, ಹಾಲಿನವನ ಸೈಕಲ್ ಬೆಲ್ಲು, ಬಾವಿಗೆ ಬಿಂದಿಗೆ ಇಳಿಯುವ ಸದ್ದು. ಆದರೆ ಆ ಪೆಟ್ಟಿಗೆಯ ಗುಣ ಏನೆಂದರೆ, ಒಂದು ಸಲ ಕೇಳಿದ ಸದ್ದು ಅಲ್ಲಿಗೇ ಮುಗಿಯಿತು, ಮತ್ತೆ ಕೇಳುವುದಿಲ್ಲ. ಬೇಜಾರಾದಾಗಲೆಲ್ಲ ಒಂದೊಂದೇ ಕೇಳಿ ಖರ್ಚು ಮಾಡುತ್ತಾ ಬರುತ್ತಾಳೆ. ಕೊನೆಗೆ ಒಂದೇ ಒಂದು ಸದ್ದು ಉಳಿಯುತ್ತದೆ. ಅದನ್ನು ಕೇಳಲೋ ಬೇಡವೋ ಅಂತ ವರ್ಷಗಟ್ಟಲೆ ಯೋಚಿಸುತ್ತಾಳೆ. ಆ ಸದ್ದು ಏನು?

ಅಲ್ಲಿಗೆ ಹಾಳೆ ಮುಗಿದಿತ್ತು. ಮುಂದಿನ ಹಾಳೆ ಇಲ್ಲ. ಎಲ್ಲ ಗೂಡು ಹುಡುಕಿದೆ. ಆ ಹಾಳೆಯನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿ ತೆಗೆದಿದ್ದರು. ನಮ್ಮ ಮನೆಯಲ್ಲಿ ಕತ್ತರಿ ಯಾರ ಕೈಯಲ್ಲಿರುತ್ತಿತ್ತು ಅಂತ ಹೇಳಬೇಕಾಗಿಲ್ಲ.

ಕೇಳಿದ್ದಕ್ಕೆ ರತ್ನಕ್ಕ ಟ್ರಂಕು ತೆಗೆದು ಒಂದು ಬೈಂಡು ತೋರಿಸಿದಳು. ಆ ಹಾಳೆಯ ಒಂದು ಬದಿಯಲ್ಲಿ ಅವಳ ಧಾರಾವಾಹಿ. ಇನ್ನೊಂದು ಬದಿಯಲ್ಲಿ, ಅಂದರೆ ನನ್ನ ಕತೆಯ ಕೊನೆಯ ಮೇಲೆ, ಗಟ್ಟಿಯಾಗಿ ಅಂಟಿಸಿದ ಬಿಳಿ ಕಾಗದ. ಬೆಳಕಿಗೆ ಹಿಡಿದು ನೋಡಿದೆ. ಎರಡು ಕಡೆಯ ಅಕ್ಷರಗಳೂ ಒಂದರ ಮೇಲೊಂದು ಕಲಸಿಕೊಂಡು ಏನೂ ಗೊತ್ತಾಗಲಿಲ್ಲ. ಕಾಗದ ಕೀಳೋಣ ಅಕ್ಕ ಅಂದೆ. ಅವಳು ಬೈಂಡನ್ನು ಕೈಯಿಂದ ಕಿತ್ತುಕೊಂಡೇಬಿಟ್ಟಳು. ಕಿತ್ತರೆ ನನ್ನ ಹಾಳೆ ಹರಿದುಹೋಗುತ್ತೆ, ಆಕಾಶದಲ್ಲಿ ಹಾರಾಡೋರ ಕತೆಗೋಸ್ಕರ ನನ್ನ ಬೈಂಡು ಹಾಳು ಮಾಡಕ್ಕಾಗಲ್ಲ ಅಂದಳು. ಅತ್ತೆಯೂ ಅವಳ ಪರ.

ಸರಿ, ಬೇರೆ ಕಡೆ ಹುಡುಕಿದೆ. ನಮ್ಮ ಬ್ಲಾಕಿನ ಮೇನ್ ರೋಡಿನಲ್ಲಿ ಒಂದು ಬಾಡಿಗೆ ಲೈಬ್ರರಿ ಇತ್ತು. ಹಳೇ ಪತ್ರಿಕೆಗಳೆಲ್ಲ ರದ್ದಿಗೆ ಹೋಯಿತಮ್ಮ ಎಂದರು ಅಲ್ಲಿಯ ಮಾಲೀಕರು. ಆದರೆ ಅದೇ ಲೇಖಕರ ಒಂದು ಕಥಾಸಂಕಲನ, ಎರಡು ಕಾದಂಬರಿ ಕೊಟ್ಟರು. ಅವುಗಳನ್ನು ಯಾರೂ ಕೇಳುವುದೇ ಇಲ್ಲವಂತೆ. ಆ ಮಾತು ಕೇಳಿ ನನಗೆ ಎಷ್ಟು ಸಂತೋಷವಾಯಿತು ಗೊತ್ತೆ! ಸಂಕಲನದಲ್ಲಿ ಆ ಕತೆ ಇರಲಿಲ್ಲ. ಆದರೆ ಇದ್ದವು ಒಂದಕ್ಕಿಂತ ಒಂದು. ಒಂದು ಕತೆಯಲ್ಲಿ ನಿದ್ದೆಯನ್ನು ರೇಷನ್ ಅಂಗಡಿಯಲ್ಲಿ ಅಳೆದು ಕೊಡುತ್ತಾರೆ, ಜನ ಬೆಳಗಿನ ಜಾವ ಎದ್ದು ನಿದ್ದೆಗಾಗಿ ಸಾಲು ನಿಲ್ಲುತ್ತಾರೆ. ಒಂದು ಕಾದಂಬರಿಯಲ್ಲಿ ಮಳೆ ತರಿಸುವ ಯಂತ್ರವಿರುವ ಊರು, ಯಾರ ಬೀದಿಗೆ ಮೊದಲು ಮಳೆ ಬೀಳಬೇಕು ಅಂತ ಜಗಳ. ರಾಕೆಟ್ಟು, ಯಂತ್ರ ಎಲ್ಲ ಇರುತ್ತಿತ್ತು, ಆದರೆ ಒಳಗಿರುವವರು ನಮ್ಮ ಬೀದಿಯವರೇ. ಕಾಲೇಜು ಬಿಡಿಸಿದ ಮೇಲೆ ನನ್ನೊಳಗೆ ಮುಚ್ಚಿಹೋಗಿದ್ದ ಏನೋ ಒಂದು ಮತ್ತೆ ತೆರೆದುಕೊಂಡಿತು. ಈ ಮನೆಯಲ್ಲಿ ರತ್ನಕ್ಕನದಲ್ಲದ, ಅತ್ತೆಯದಲ್ಲದ, ಪೂರ್ತಿ ನನ್ನದು ಅನ್ನುವ ಒಂದು ವಸ್ತು ಸಿಕ್ಕಿತ್ತು.

ಯಜಮಾನರಿಗೆ ಹೇಳಿದ್ದೆ. ಅವರು ಕಾರ್ಖಾನೆಯಿಂದ ಸುಸ್ತಾಗಿ ಬಂದು, ಹೂಂ ಹೂಂ ಅನ್ನುತ್ತಾ ಅರ್ಧ ಕತೆಗೇ ಗೊರಕೆ ಹೊಡೆಯುತ್ತಿದ್ದರು. ಅದೂ ನನಗೆ ಒಳ್ಳೆಯದೇ ಆಯಿತು. ಪಾಲುದಾರರು ಬೇಕಿರಲಿಲ್ಲ.

ಮಾರನೇ ವರ್ಷ ನಾನು ಗರ್ಭಿಣಿಯಾದೆ. ಏಳನೇ ತಿಂಗಳಲ್ಲಿ ಸೀಮಂತ. ನನಗೆ ಮೊಗ್ಗಿನ ಜಡೆ ಹಾಕಿದವಳು ರತ್ನಕ್ಕ. ಮಲ್ಲಿಗೆ ಮೊಗ್ಗನ್ನು ಒಂದೊಂದಾಗಿ ಹೊಲಿದಿದ್ದಳು. ಅಷ್ಟು ಚೆನ್ನಾದ ಜಡೆ ನಾನು ಆಮೇಲೆ ಯಾರಲ್ಲೂ ನೋಡಲಿಲ್ಲ. ಆರತಿ ಎತ್ತುವ ಹೊತ್ತಿಗೆ ಅತ್ತೆಯ ಕಡೆಯ ಹಿರಿಯಾಕೆಯೊಬ್ಬರು, ಬಾಪೂಜಿನಗರದಿಂದ ಬಂದಿದ್ದವರು, ಮಕ್ಕಳಾದವರು ಎತ್ತಲಮ್ಮ ಅಂದರು. ರತ್ನಕ್ಕನಿಗೆ ಮದುವೆಯಾಗಿ ಎಂಟು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವಳು ತಟ್ಟೆಯನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು, ಪಾಯಸ ತಳ ಹಿಡಿಯುತ್ತೆ ನೋಡ್ತೀನಿ ಅಂತ ಒಳಗೆ ಹೋದಳು. ಆಗ ನನಗೆ ಅದು ಅಷ್ಟಾಗಿ ತಟ್ಟಲಿಲ್ಲ. ನನ್ನ ತಲೆಯಲ್ಲಿದ್ದದ್ದೇ ಬೇರೆ.

ಏನೆಂದರೆ, ನಮ್ಮ ವಾರಪತ್ರಿಕೆಯಲ್ಲೇ ನನ್ನ ಲೇಖಕರ ಹೊಸ ಧಾರಾವಾಹಿ ಶುರುವಾಗಿತ್ತು. ಚಂದ್ರನ ಮೇಲೆ ಲೇಔಟ್ ಮಾಡಿ ಸೈಟು ಹಂಚುವ ಕತೆ. ಮೂಲೆ ಸೈಟಿಗೆ ಕಾದಾಟ, ಅಲ್ಲೂ ವಾಸ್ತು, ಅಲ್ಲೂ ಅಕ್ಕಪಕ್ಕದ ಗೋಡೆ ಜಗಳ. ನಮ್ಮ ಮನೆಯಾಚೆ ಬಸವೇಶ್ವರನಗರದ ಕಡೆ ರಾಗಿ ಹೊಲಗಳಲ್ಲಿ ಸೈಟಿನ ಕಲ್ಲು ನೆಡುತ್ತಿದ್ದ ಕಾಲ ಅದು. ಓದುತ್ತಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆದರೆ ನನ್ನ ಹಣೆಬರಹ ನೋಡಿ, ಪ್ರತಿ ವಾರ ಅದರ ಕೊನೆಯ ಪುಟದ ಹಿಂಬದಿಯಲ್ಲೇ ರತ್ನಕ್ಕನ ಧಾರಾವಾಹಿಯ ಮೊದಲ ಪುಟ. ಒಬ್ಬರು ಕತ್ತರಿಸಿದರೆ ಇನ್ನೊಬ್ಬರದು ಮೊಂಡು. ಅತ್ತೆಯ ಹತ್ತಿರ ಪಂಚಾಯಿತಿ ಆಯಿತು. ಮನೆಗೆ ಮೊದಲು ಬಂದವಳು ಅವಳು, ಅವಳದ್ದೇ ಆಗಲಿ ಅಂದರು ಅತ್ತೆ. ಹಾಗಾಗಿ ಅವಳು ಕತ್ತರಿ ಹಿಡಿಯುವ ಮೊದಲೇ ನಾನು ಗಬಗಬ ಓದಿ ಮುಗಿಸಬೇಕಾಗಿತ್ತು.

ಸೀಮಂತ ಮುಗಿಸಿ ಕೆಂಗೇರಿಗೆ ಹೊರಡುವಾಗ ಅಭಿಮಾನ ಬಿಟ್ಟು ಅವಳನ್ನು ಕೇಳಿಕೊಂಡೆ. ಅಪ್ಪನ ಮನೆಯಲ್ಲಿ ಪತ್ರಿಕೆ ತರಿಸುವುದಿಲ್ಲ, ನಾನು ಬರುವವರೆಗೆ ನನ್ನ ಧಾರಾವಾಹಿಯನ್ನೂ ಎತ್ತಿಡಿ ಅಕ್ಕ ಅಂತ. ನೋಡೋಣ ಅಂದಳು. ನೋಡೋಣ ಅಂದರೆ ಇಲ್ಲ ಅಂತಲೇ ಅರ್ಥ ಎಂದುಕೊಂಡು ಬಸ್ಸು ಹತ್ತಿದೆ.

ಗಂಡು ಮಗು ಆಯಿತು. ಬಾಣಂತನದ ಕತ್ತಲೆ ಕೋಣೆಯಲ್ಲಿ ಮಲಗಿಕೊಂಡು ನಾನು ಚಂದ್ರನ ಮೇಲಿನ ಮೂಲೆ ಸೈಟು ಯಾರಿಗಾಯಿತೋ ಅಂತ ಯೋಚಿಸುತ್ತಿದ್ದೆ. ಮಗುವಿಗೆ ಆ ಲೇಖಕರ ಕಾವ್ಯನಾಮವನ್ನೇ ಇಡಬೇಕು ಅಂತಲೂ ಅಲ್ಲೇ ಮನಸ್ಸಿನಲ್ಲಿ ಮಾಡಿಕೊಂಡೆ. ನೋಡಲು ಬಂದ ಯಜಮಾನರಿಗೆ ಹೇಳಿದರೆ ಅವರು ನಕ್ಕುಬಿಟ್ಟರು. ಅಮ್ಮ ಆಗಲೇ ಅಪ್ಪನ ಹೆಸರು ಅಂತ ತೀರ್ಮಾನ ಮಾಡಿಯಾಯ್ತು, ಶಿವಣ್ಣ ಅಂತ, ಇನ್ನು ಆ ಮಾತು ಎತ್ತಬೇಡ ಅಂದರು.

ಐದನೇ ತಿಂಗಳಲ್ಲಿ ಮಗು ಎತ್ತಿಕೊಂಡು ರಾಜಾಜಿನಗರಕ್ಕೆ ವಾಪಸು ಬಂದೆ. ಎರಡು ದಿನ ಬಿಟ್ಟು ತೊಟ್ಟಿಲ ಶಾಸ್ತ್ರ, ನಾಮಕರಣ. ಬಂದವಳು ಕಾಲು ತೊಳೆದು ಒಳಗೆ ಹೋದರೆ, ನನ್ನ ಕೋಣೆಯ ಮೇಜಿನ ಮೇಲೆ ಹೊಸ ಬೈಂಡು. ಬಿಡಿಸಿ ನೋಡಿದೆ. ಚಂದ್ರನ ಧಾರಾವಾಹಿ, ಒಂದು ಕಂತೂ ಬಿಡದೆ, ಪೂರ್ತಿ! ಪ್ರತಿ ಕಂತಿನ ಕೊನೆಯ ಪುಟದ ಹಿಂಬದಿಯಲ್ಲಿ ಬಿಳಿ ಕಾಗದ. ಅಂದರೆ ಅವಳು ತನ್ನ ಧಾರಾವಾಹಿಯ ಮೇಲೆಯೇ ಅಂಟು ಸವರಿ ಮುಚ್ಚಿ, ನನ್ನದನ್ನು ಉಳಿಸಿದ್ದಳು. ನನಗೆ ಕಣ್ಣಲ್ಲಿ ನೀರೇ ಬಂತು. ಇಷ್ಟು ದಿನ ಇವಳನ್ನು ಏನೇನೋ ಅಂದುಕೊಂಡೆನಲ್ಲ ಅನ್ನಿಸಿತು.

ಆಮೇಲೆ ಮೊದಲ ಪುಟ ತಿರುಗಿಸಿದೆ. ಅವಳ ಗುಂಡು ಗುಂಡು ಅಕ್ಷರದಲ್ಲಿ, ಶ್ರೀಮತಿ ನಾಗರತ್ನ, ರಾಜಾಜಿನಗರ ಎಂದು ಬರೆದಿತ್ತು.

ನನಗಾಗಿ ಮಾಡಿದ್ದಲ್ಲ ಅದು. ಅವಳಿಗಾಗಿ ಮಾಡಿಕೊಂಡಿದ್ದು. ಮೇಜಿನ ಮೇಲೆ ಯಾಕಿತ್ತು ಅಂದರೆ, ನಾನಿಲ್ಲದಾಗ ಅವಳು ಮಧ್ಯಾಹ್ನ ಆ ಕೋಣೆಯಲ್ಲೇ ಕೂತು ಓದುತ್ತಿದ್ದಳಂತೆ. ಅವಳೇ ಬಂದು ಹೇಳಿದಳು. ಮಗುವನ್ನು ಎತ್ತಿಕೊಂಡು, ಅದರ ಕೆನ್ನೆಗೆ ಕೆನ್ನೆ ಒತ್ತಿಕೊಂಡು, ಒಂದೇ ಉಸಿರಿಗೆ ಹೇಳಿದಳು. ನಿನಗೆ ಅಂತ ಎತ್ತಿಡೋಕೆ ಹೋಗಿ ಒಂದು ಕಂತು ಓದಿದೆ ಕಣೇ, ಆಮೇಲೆ ಬಿಡಕ್ಕೇ ಆಗಲಿಲ್ಲ, ಲೈಬ್ರರಿಯಿಂದ ಆ ಸಂಕಲನಾನೂ ಎರಡು ಕಾದಂಬರೀನೂ ತಂದೆ, ನಿದ್ದೆ ರೇಷನ್ ಕತೇಲಿ ಆ ಮುದುಕಿ ತನ್ನ ಪಾಲಿನ ನಿದ್ದೆ ಮಾರಿಬಿಡ್ತಾಳಲ್ಲ, ಎಷ್ಟು ಅತ್ತುಬಿಟ್ಟೆ ಗೊತ್ತಾ ಅಂದಳು.

ನನಗೆ ಮೈಯೆಲ್ಲ ಉರಿಯಿತು. ಆ ಮುದುಕಿ ನಿದ್ದೆ ಮಾರುವ ಕಡೆ ನಾನು ಅತ್ತಿರಲಿಲ್ಲ. ಅವಳು ಅತ್ತಿದ್ದಳು. ನನಗಿಂತ ಚೆನ್ನಾಗಿ ಓದಿದ್ದಳು ಅಂತ ಅಲ್ಲೇ ಗೊತ್ತಾಯಿತು, ಅದಕ್ಕೇ ಉರಿ ಇನ್ನೂ ಹೆಚ್ಚಾಯಿತು. ರಂಗೋಲಿ ಅವಳದು, ಹುಳಿ ಅವಳದು, ಅತ್ತೆ ಅವಳವರು. ಡಬ್ಬ ಸರಿಸಿ ಸರಿಸಿ ನಾನು ಹುಡುಕಿಕೊಂಡ ಲೇಖಕರೂ ಈಗ ಅವಳವರು. ಇನ್ನೇನಮ್ಮ ಬಾಕಿ ಉಳಿಯಿತು ಅನ್ನಿಸಿತು. ಬೈಂಡ್ ಚೆನ್ನಾಗಿದೆ ಅಂತ ಮಾತ್ರ ಅಂದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಆ ಸದ್ದಿನ ಪೆಟ್ಟಿಗೆ ಕತೆಯ ಕೊನೇನೂ ಓದಿದೆ ಅಂದಳು.

ಅವಳ ಹಳೇ ಬೈಂಡಿನ ಆ ಹಾಳೆಯನ್ನು ಒದ್ದೆ ಬಟ್ಟೆಯಿಂದ ನೆನೆಸಿ ನೆನೆಸಿ, ಅಂಟಿಸಿದ ಬಿಳಿ ಕಾಗದವನ್ನು ಬಿಡಿಸಿದ್ದಳು. ನಾನು ಬೇಡಿಕೊಂಡಾಗ ಮುಟ್ಟಲೂ ಬಿಡದ ಬೈಂಡು! ಗೂಡಿನ ಹಾಳೆಯಲ್ಲಿ ಮೊದಲ ಭಾಗ ಓದಿಕೊಂಡು, ಕೊನೆ ಏನಾಯಿತೋ ಅಂತ ತಡೆಯಲಾರದೆ ಬಿಡಿಸಿದ್ದಂತೆ. ಎಲ್ಲಿ, ಹಾಳೆ ಕೊಡಿ ಅಂದೆ. ತೆಗೆದು ತೋರಿಸಿದಳು. ನೆಂದು, ಸಿಪ್ಪೆ ಸಿಪ್ಪೆಯಾಗಿ, ಮುಟ್ಟಿದರೆ ಉದುರುತ್ತಿತ್ತು. ಅಂಟಿನ ಜೊತೆ ಅಕ್ಷರವೂ ಎದ್ದುಬಂದಿತ್ತು. ಬಿಡಿಸುತ್ತಾ ಬಿಡಿಸುತ್ತಾ ಒಂದೊಂದೇ ಸಾಲು ಓದಿಕೊಂಡೆ, ಓದಿದ ಸಾಲು ಹಾಗೇ ಕೈಗೆ ಬಂದುಬಿಡ್ತು ಅಂದಳು.

ಅಂದರೆ ಆ ಕತೆಯ ಕೊನೆ ಈಗ ಇದ್ದದ್ದು ಅವಳ ತಲೆಯಲ್ಲಿ ಮಾತ್ರ.

ಏನಂತೆ ಅಕ್ಕ ಆ ಸದ್ದು ಎಂದು ಕೇಳಿದೆ. ಧ್ವನಿ ಮಾಮೂಲಾಗಿರಲಿ ಅಂತ ಎಷ್ಟು ಕಷ್ಟಪಟ್ಟೆನೋ. ಮಗು ಅವಳ ಸರ ಹಿಡಿದು ಎಳೆಯುತ್ತಿತ್ತು. ಅದರ ಬೆರಳು ಬಿಡಿಸುತ್ತಾ, ನನ್ನ ಮುಖ ನೋಡದೆ ಹೇಳಿದಳು:

"ನಿನಗೆ ಇವನಿದಾನೆ, ಶಾರದಾ. ಅದೊಂದು ನನಗಿರಲಿ ಬಿಡೆ."

ಆಟಕ್ಕೆ ಹೇಳಿದ ಹಾಗಿರಲಿಲ್ಲ. ಮಗು ಅಳದಿದ್ದರೂ ಹಾಲು ಕುಡಿಸುವ ನೆಪ ಮಾಡಿ ಎತ್ತಿಕೊಂಡುಬಿಟ್ಟೆ.

ಎರಡು ದಿನ ನಾವಿಬ್ಬರೂ ನೆಟ್ಟಗೆ ಮಾತಾಡಲಿಲ್ಲ. ನನ್ನ ಹೊಟ್ಟೆಕಿಚ್ಚು ಎಂಥದ್ದು ಅಂದರೆ, ಅವಳು ಹೇಳಿದ ಮಾತು ಅರ್ಥವಾದ ಮೇಲೂ ಆರಲಿಲ್ಲ. ಎಂಟು ವರ್ಷದಿಂದ ಅವಳು ಏನನ್ನು ನುಂಗಿಕೊಂಡಿದ್ದಾಳೆ, ನನ್ನ ಜಡೆಗೆ ಮೊಗ್ಗು ಹೊಲಿಯುವಾಗ ಅವಳಿಗೆ ಏನಾಗಿರಬಹುದು, ಎಲ್ಲ ತಿಳಿಯಿತು. ನಾನು ಅವಳನ್ನು ನೋಡಿ ಉರಿದುಕೊಳ್ಳುತ್ತಿದ್ದಷ್ಟು ಹೊತ್ತೂ ಅವಳು ನನ್ನನ್ನು ನೋಡಿ ಉರಿದುಕೊಳ್ಳುತ್ತಿದ್ದಳು. ಅಯ್ಯೋ ಪಾಪ ಅನ್ನಿಸಿತು. ಆದರೂ ಆ ಕೊನೆಯ ಸದ್ದು ಏನು ಅಂತ ಇವಳಿಗೆ ಗೊತ್ತು, ನನಗೆ ಗೊತ್ತಿಲ್ಲ ಅನ್ನುವುದು ಹಲ್ಲಿನಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಕಾಡುತ್ತಲೇ ಇತ್ತು.

ನಾಮಕರಣದ ಬೆಳಗ್ಗೆ ಮನೆ ತುಂಬ ಜನ. ನಮ್ಮ ಕಡೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಈ ಮನೆಯಲ್ಲಿ ಹೆಣ್ಣುಮಕ್ಕಳಿಲ್ಲ, ಹಾಗಾಗಿ ದೊಡ್ಡಮ್ಮನಾದ ರತ್ನಕ್ಕನೇ ಹೇಳಲಿ ಎಂದು ಅತ್ತೆ ಮೊದಲೇ ಹೇಳಿದ್ದರು. ಅವಳು ಅದಕ್ಕಾಗಿ ಹಸಿರು ರೇಷ್ಮೆ ಸೀರೆ ಉಟ್ಟು ತಯಾರಾಗಿದ್ದಳು. ಬಾಪೂಜಿನಗರದ ಆ ಹಿರಿಯಾಕೆ ಈ ಸಲವೂ ಬಂದಿದ್ದರು. ತೊಟ್ಟಿಲ ಹತ್ತಿರ ಕೂತು, ಬೇಜಾರು ಮಾಡಿಕೋಬೇಡಿ, ಮೊದಲನೇ ಮಗು, ಮಕ್ಕಳೊಂದಿಗರ ಬಾಯಲ್ಲಿ ಹೇಳಿಸಿದರೆ ಒಳ್ಳೆಯದು ಅಂದರು. ಅತ್ತೆ ಏನು ಹೇಳಬೇಕೋ ತೋಚದೆ ನನ್ನ ಮುಖ ನೋಡಿದರು. ರತ್ನಕ್ಕ ಅಷ್ಟರಲ್ಲಿ ಎದ್ದು ಅಡುಗೆಮನೆ ಸೇರಿಯಾಗಿತ್ತು. ಮತ್ತೆ ಪಾಯಸದ ನೆಪ.

ನಾನು ಸುಮ್ಮನೆ ಕೂತಿದ್ದರೆ ಸಾಕಾಗಿತ್ತು. ಯಾರೂ ನನ್ನ ಮೇಲೆ ತಪ್ಪು ಹೊರಿಸುತ್ತಿರಲಿಲ್ಲ. ಒಂದು ಗಳಿಗೆ ಸುಮ್ಮನೆ ಕೂತೂ ಇದ್ದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಮಗುವನ್ನು ಎತ್ತಿಕೊಂಡು ನೇರ ಅಡುಗೆಮನೆಗೆ ಹೋದೆ.

ಅವಳು ಒಲೆಗೆ ಬೆನ್ನು ಮಾಡಿ, ಆ ಗೂಡಿನ ಕಡೆ ಮುಖ ಮಾಡಿ ನಿಂತಿದ್ದಳು. ಕಣ್ಣು ಕೆಂಪಗಿದ್ದವು. ಸಮಾಧಾನದ ಮಾತು ಆಡೋಣ ಅಂದುಕೊಂಡೇ ಹೋಗಿದ್ದೆ. ಬಾಯಿ ತೆಗೆದರೆ ಬಂದದ್ದು ಬೇರೆ.

"ಅಕ್ಕಾ, ಹೆಸರು ನೀವೇ ಹೇಳ್ಬೇಕು. ಆದ್ರೆ ಆ ಕತೆ ಕೊನೆ ನನಗೆ ಹೇಳ್ಬೇಕು. ಅದಕ್ಕೆ ಒಪ್ಪಿದ್ರೆ ಮಗು ಹಿಡ್ಕೊಳ್ಳಿ."

ಸಂತೆಯಲ್ಲಿ ಸೊಪ್ಪು ಚೌಕಾಸಿ ಮಾಡಿದ ಹಾಗಿತ್ತು. ಅವಳು ದಂಗಾಗಿ ನನ್ನನ್ನು ನೋಡಿದಳು. ಆಮೇಲೆ ಅಳುತ್ತಳುತ್ತಲೇ ನಗು ಬಂದುಬಿಟ್ಟಿತು ಅವಳಿಗೆ.

"ಥೂ ನಿನ್ನ. ಇಂಥ ಹೊತ್ತಲ್ಲೂ ನಿನಗೆ ಕತೇನೇ ಆಯ್ತಲ್ಲೇ."

ಸೆರಗಿನಿಂದ ಮುಖ ಒರೆಸಿಕೊಂಡು ಎರಡು ಕೈ ಚಾಚಿದಳು. ಮಗು ಕೊಟ್ಟೆ. ಹೊರಗೆ ಬಂದು, ಎಲ್ಲರಿಗೂ ಕೇಳುವ ಹಾಗೆ, ನಮ್ಮ ರತ್ನಕ್ಕನೇ ಹೆಸರು ಹೇಳುತ್ತಾರೆ ಎಂದೆ. 'ನಮ್ಮ ರತ್ನ' ಅನ್ನುವ ಮಾತು ನನ್ನ ಬಾಯಲ್ಲೂ ಬಂತಲ್ಲ ಅಂತ ಆಮೇಲೆ ಹೊಳೆಯಿತು. ಆ ಹಿರಿಯಾಕೆ ತಾಂಬೂಲದ ತಟ್ಟೆಯ ಕಡೆ ಮುಖ ತಿರುಗಿಸಿದರು. ಅತ್ತೆ ಮಾತ್ರ ನನ್ನ ತಲೆ ಸವರಿದರು, ಮೊದಲನೇ ಸಲ.

ರತ್ನಕ್ಕ ಮಗುವನ್ನು ತೊಟ್ಟಿಲಿನಲ್ಲಿ ಮಲಗಿಸಿ, ಬಾಗಿ, ವೀಳ್ಯದೆಲೆಯಿಂದ ಬಾಯಿ ಮರೆ ಮಾಡಿಕೊಂಡು ಕಿವಿಯಲ್ಲಿ ಹೇಳಿದಳು. ನಾನು ತೊಟ್ಟಿಲ ಇನ್ನೊಂದು ಬದಿಗೆ ಬಗ್ಗಿ ನಿಂತಿದ್ದೆ, ನನಗೆ ಕೇಳಿಸುತ್ತಿತ್ತು. ಶಿವಣ್ಣ, ಶಿವಣ್ಣ ಅಂದಳು. ಹೆಂಗಸರು ಹಾಡು ಶುರು ಮಾಡಿದರು. ಅವಳು ತಲೆ ಎತ್ತಲಿಲ್ಲ. ಹಾಡಿನ ಮರೆಯಲ್ಲಿ ಇನ್ನೊಂದು ಹೆಸರನ್ನೂ ಹೇಳಿದಳು.

ನಮ್ಮ ಲೇಖಕರ ಹೆಸರು.

ಅವಳಿಗೆ ನಾನು ಹೇಳಿರಲಿಲ್ಲ. ಯಜಮಾನರೂ ಹೇಳಿರಲಿಲ್ಲ, ಆಮೇಲೆ ಕೇಳಿ ಖಚಿತ ಮಾಡಿಕೊಂಡೆ. ಅವಳಿಗೂ ಅದೇ ಹೊಳೆದಿತ್ತು, ಅಷ್ಟೇ. ಐದು ತಿಂಗಳು ನಾನು ಬಚ್ಚಿಟ್ಟುಕೊಂಡಿದ್ದ ಹೆಸರು, ನನ್ನ ಮಗನ ಕಿವಿಗೆ ನನ್ನ ಬಾಯಿಂದ ಹೋಗಬೇಕಾಗಿದ್ದ ಹೆಸರು, ಅವಳ ಬಾಯಿಂದ ಮೊದಲು ಹೋಯಿತು. ಸಿಟ್ಟೋ, ಅಳುವೋ, ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತೋ, ಈಗಲೂ ಹೇಳಲಾರೆ. ಎಲ್ಲ ಒಟ್ಟಿಗೇ ಇತ್ತು.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಕೊಟ್ಟ ಮಾತು ಮರೆತಿರಲಿಲ್ಲ. ಹಾಡಿನ ಗಲಾಟೆಯಲ್ಲೇ ನನ್ನ ಕಡೆ ಬಾಗಿ ಹೇಳಿದಳು:

"ಅವಳು ಕೊನೇಗೆ ಉಳಿಸ್ಕೊಂಡಿದ್ದು ಇದನ್ನೇ ಕಣೇ. ಹಿತ್ತಿಲಿಂದ ಯಾರೋ ಅವಳ ಹೆಸರು ಹಿಡಿದು ಕೂಗಿದ್ದು. ಅಷ್ಟು ದೂರ ಹೋದ್ಮೇಲೆ ಹೆಸರಿಟ್ಟು ಕರೆಯೋರು ಯಾರೂ ಇರಲ್ವಲ್ಲ."

ಅದನ್ನು ಕೇಳಿದಳಾ ಕೊನೆಗೆ, ಖರ್ಚು ಮಾಡಿಬಿಟ್ಟಳಾ ಅಂದೆ. ಅವಳು ಇಲ್ಲ ಅನ್ನುವಂತೆ ತಲೆಯಾಡಿಸಿದಳು. ಅಷ್ಟರಲ್ಲಿ ಯಾರೋ ಅರಿಸಿನ ಕುಂಕುಮಕ್ಕೆ ಕರೆದರು.

ಆ ದಿನದಿಂದ ಮನೆಯಲ್ಲಿ ನನ್ನ ಮಗನಿಗೆ ಎರಡು ಹೆಸರು. ಎಲ್ಲರಿಗೂ ಶಿವು. ದೊಡ್ಡಮ್ಮನಿಗೆ ಮಾತ್ರ ಆ ಇನ್ನೊಂದು. ಅವನು ಬೀದಿಯಲ್ಲಿ ಗೋಲಿ ಆಡುತ್ತಿರುವಾಗ ನಾನು ಗೇಟಿಗೆ ಬಂದು ಶಿವೂ ಶಿವೂ ಅಂತ ಗಂಟಲು ಹರಿದುಕೊಂಡರೂ ಬರುತ್ತಿರಲಿಲ್ಲ. ಅವಳು ಹಿತ್ತಿಲಿನಿಂದ ಆ ಹೆಸರು ಹಿಡಿದು ಒಂದು ಸಲ ಕೂಗಿದರೆ ಸಾಕು, ಓಡಿ ಬರುತ್ತಿದ್ದ. ನಾನು ಯಾವತ್ತೂ ಅವನನ್ನು ಹಾಗೆ ಕರೆಯಲಿಲ್ಲ. ಕರೆಯಬಾರದು ಅಂತ ಯಾರೂ ಹೇಳಿರಲಿಲ್ಲ. ಅವಳು ಮೊದಲು ಕರೆದಳಲ್ಲ ಅನ್ನುವ ಹೊಟ್ಟೆಕಿಚ್ಚು, ಮತ್ತೇನೂ ಅಲ್ಲ.

ನಾವಿಬ್ಬರೂ ಆಮೇಲೆ ಜಗಳವಾಡಲಿಲ್ಲ ಅಂದುಕೊಳ್ಳಬೇಡಿ. ಬೇಕಾದಷ್ಟು ಆಡಿದೆವು. ಹೊಸ ಕಾದಂಬರಿ ಬಂದರೆ ಲೈಬ್ರರಿಗೆ ಯಾರು ಮೊದಲು ಓಡುವುದು ಅಂತ ಪೈಪೋಟಿ. ಆ ಲೇಖಕರು ವಿಜಯನಗರದಲ್ಲೇ, ನಾವು ಹೂವು ತರಲು ಹೋಗುತ್ತಿದ್ದ ರಸ್ತೆಯಲ್ಲೇ ಇದ್ದರು ಎಂದು ಅವರು ತೀರಿಕೊಂಡ ಮೇಲೆ ಪತ್ರಿಕೆಯಲ್ಲಿ ಓದಿ ತಿಳಿಯಿತು. ಅವತ್ತು ಅವಳು ಅನ್ನ ಇಳಿಸದೆ ತಳ ಹತ್ತಿಸಿದಳು. ಜೀವನದಲ್ಲಿ ಅವಳು ತಳ ಹತ್ತಿಸಿದ್ದು ನಾನು ನೋಡಿದ್ದು ಅದೊಂದೇ ಸಲ. ಅವತ್ತೂ ಅತ್ತದ್ದು ಅವಳೇ ಜಾಸ್ತಿ.

ರತ್ನಕ್ಕ ಹೋದ ವರ್ಷ ಹೋಗಿಬಿಟ್ಟಳು. ಮಗ ಈಗ ರಾಜರಾಜೇಶ್ವರಿನಗರದಲ್ಲಿದ್ದಾನೆ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾನೆ. ಐವತ್ತರ ಹತ್ತಿರ ಬಂತು ಅವನಿಗೆ. ಮೊನ್ನೆ ಭಾನುವಾರ ಬಂದಿದ್ದ. ಊಟ ಮಾಡಿ ಹೊರಟ. ಗೇಟು ದಾಟಿ ಸ್ವಲ್ಪ ದೂರ ಹೋಗಿದ್ದ, ಕನ್ನಡಕ ಮೇಜಿನ ಮೇಲೇ ಮರೆತಿದ್ದ. ಹಿತ್ತಿಲಿನಲ್ಲಿದ್ದವಳು ಒಳಗೆ ಬಂದು ನೋಡಿ, ಕನ್ನಡಕ ಹಿಡಿದುಕೊಂಡು ಗೇಟಿಗೆ ಓಡಿದೆ. ಶಿವೂ ಅನ್ನಬೇಕು ಅಂತಲೇ ಬಾಯಿ ತೆಗೆದೆ. ಬಂದದ್ದು ಆ ಇನ್ನೊಂದು ಹೆಸರು.

ಅವನು ತಟ್ಟನೆ ನಿಂತ. ತಿರುಗಿದ, ಆದರೆ ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ಮನೆಯ ಕಡೆ ನೋಡಿದ. ಆಮೇಲೆ ಹತ್ತಿರ ಬಂದು ಕನ್ನಡಕ ತಗೊಂಡ.

"ನೀನಾಮ್ಮಾ? ದೊಡ್ಡಮ್ಮ ಕರೆದ ಹಾಗೇ ಇತ್ತು" ಅಂದ.

ಅವಳು ಸತ್ತು ವರ್ಷವಾದರೂ ನನಗೆ ಹೊಟ್ಟೆ ಉರಿಯಿತು. ಹೆತ್ತವಳು ನಾನು, ಲೇಖಕರನ್ನು ಹುಡುಕಿದವಳು ನಾನು, ಕೂಗಿದವಳೂ ನಾನೇ. ಕೇಳಿಸಿದ್ದು ಮಾತ್ರ ಅವಳ ಧ್ವನಿ. ಅವನು ಹೋದ ಮೇಲೆ ಗೇಟಿನ ಹತ್ತಿರ ನಿಂತು ಮತ್ತೊಂದು ಸಲ ಮೆಲ್ಲಗೆ ಅಂದು ನೋಡಬೇಕು ಅನ್ನಿಸಿತು. ಅನ್ನಲಿಲ್ಲ. ಆ ಹೆಸರನ್ನು ಇಲ್ಲೂ ಬರೆಯುತ್ತಿಲ್ಲ.